ಹೊಸ್ತಿಲ ಪಕ್ಕ ಬಿಟ್ಟುಹೋದ ಕೊಡ

ನಾನು ತಾಮ್ರದ ಒಂದು ಕೊಡ. ಈಗ ನನ್ನ ಮೈ ಕಪ್ಪಾಗಿದೆ, ಕುತ್ತಿಗೆಯ ಸುತ್ತ ಹಸಿರು ಕಿಲುಬು ಕಟ್ಟಿದೆ. ಹುಟ್ಟಿದಾಗ ಹೀಗಿರಲಿಲ್ಲ. ಬಳ್ಳಾರಿ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಮೌನೇಶಪ್ಪ ಎಂಬ ಮುದುಕ ನನ್ನನ್ನು ಮಾಡಿದ. ತಗಡನ್ನು ಕಾಯಿಸಿದ, ನೀರಿಗೆ ಅದ್ದಿದ, ಬಡಿದ, ಮತ್ತೆ ಕಾಯಿಸಿದ. ಹೊಟ್ಟೆ ಬೇರೆ, ಕುತ್ತಿಗೆ ಬೇರೆ ಮಾಡಿ ಎರಡನ್ನೂ ಬೆಸೆದ. ಎಲ್ಲ ಮುಗಿದ ಮೇಲೆ ನನ್ನ ಬಾಯಿಯ ಹತ್ತಿರ ತನ್ನ ಬಾಯಿ ತಂದು ಒಮ್ಮೆ ಊದಿದ. ನಾನು ದಪ್ಪ ದನಿಯಲ್ಲಿ ‘ಹೂ’ ಎಂದೆ. ಬೆಸುಗೆಯಲ್ಲಿ ಬಿರುಕಿದ್ದರೆ ಆ ದನಿ ಒಡೆಯುತ್ತದಂತೆ.

“ಗಟ್ಟಿ ಐತಿ” ಎಂದು ನನ್ನನ್ನು ಪಕ್ಕಕ್ಕಿಟ್ಟ. ನಾನು ಆಡಿದ ಮೊದಲ ಮಾತು ಆ ‘ಹೂ’. ಅದೊಂದೇ ಮಾತು ನನಗೆ ಬರುವುದು.

ನನ್ನನ್ನು ಕೊಂಡವರು ಮಗಳ ಮದುವೆಗೆಂದು ಕೊಂಡರು. ಕುತ್ತಿಗೆಯ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ‘ಹೊನ್ನೂರಮ್ಮ’ ಎಂದು ಹೆಸರು ಹೊಡೆಸಿದರು. ಆ ಹೆಸರಿನವಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಹೆಬ್ಬೆರಳಿನಿಂದ ಆ ಚುಕ್ಕಿಗಳನ್ನು ಸವರಿ, ಇದು ನಂದು ಎಂದು ಗುರುತು ಹಿಡಿಯುತ್ತಿದ್ದಳು.

ಅವಳ ಜೊತೆ ನಾನು ಬೊಂತನಹಾಳಿಗೆ ಬಂದೆ. ಹಗರಿ ಹೊಳೆಯ ದಂಡೆಯ ಊರು. ಹೊಳೆ ಎಂದರೆ ನೀರಲ್ಲ, ಉಸುಕು. ವರ್ಷಕ್ಕೆ ನಾಲ್ಕು ದಿನ ಹರಿದರೆ ಉಂಟು. ಉಳಿದ ದಿನ ಹೆಂಗಸರು ಹೊಳೆಯ ನಡುವೆ ಮೊಣಕೈ ಆಳಕ್ಕೆ ಉಸುಕು ತೋಡಿ, ಒರತೆಯ ನೀರನ್ನು ಚಿಪ್ಪಿನಿಂದ ಮೊಗೆದು ನಮ್ಮ ಹೊಟ್ಟೆಗೆ ಸುರಿಯುತ್ತಿದ್ದರು. ಒಂದು ಕೊಡ ತುಂಬಲು ಒಂದು ಹಾಡು, ಒಂದು ಜಗಳ, ಅರ್ಧ ಚಾಡಿ ಬೇಕಾಗುತ್ತಿತ್ತು. ಪಕ್ಕದ ಮನೆಯ ಮಾಬುನ್ನಿ ಚಾಡಿಯ ಪಾಲನ್ನು ನೋಡಿಕೊಳ್ಳುತ್ತಿದ್ದಳು.

ಆಷಾಢದ ಗಾಳಿ ಎದ್ದರೆ ಹೊಳೆಯ ಉಸುಕೆಲ್ಲ ಊರಿಗೆ ಬರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯಲು ಗುದ್ದಲಿ ಬೇಕು. ರೊಟ್ಟಿ ತಿಂದರೆ ಹಲ್ಲಿನ ಸಂದಿಯಲ್ಲಿ ಕರಕರ. ದಿಬ್ಬಗಳು ವರ್ಷಕ್ಕೊಂದು ಓಣಿ ದಾಟಿಕೊಂಡು ಬಂದವು. ಮೊದಲು ಹೊಲ ಹೋದವು, ಆಮೇಲೆ ಬಾವಿ, ಆಮೇಲೆ ಹನುಮಪ್ಪನ ಗುಡಿಯ ಕಟ್ಟೆ.

ಆ ಮನೆಯಲ್ಲಿ ಒಂದು ಕೂಸಿತ್ತು. ಸುಂಕಮ್ಮ ಎಂದು ಹೆಸರು, ಎಲ್ಲರ ಬಾಯಲ್ಲೂ ಸುಂಕಿ. ಲೋಟ ಕೊಟ್ಟರೆ ಬೇಡ. ನನ್ನನ್ನು ತಬ್ಬಿಕೊಂಡು, ಬಗ್ಗಿಸಿ, ನನ್ನ ಅಂಚಿಗೇ ತುಟಿ ಹಚ್ಚಿ ಕುಡಿಯಬೇಕು. ಅರ್ಧ ನೀರು ಹೊಟ್ಟೆಗೆ, ಅರ್ಧ ಲಂಗಕ್ಕೆ. “ಎಂಜಲು ಮಾಡ್ತೀಯಲ್ಲೇ ಕೋತಿ!” ಎಂದು ಹೊನ್ನೂರಮ್ಮ ಬೈಯುತ್ತಿದ್ದಳು. ಬೈದರೂ ಬಗ್ಗಿಸಿ ಹಿಡಿಯುತ್ತಿದ್ದವಳು ಅವಳೇ. ಆರನೆಯ ವರ್ಷಕ್ಕೆ ಸುಂಕಿ ಜ್ವರ ಬಂದು ಹೋದಳು. ಮನೆಯ ಹಿಂದೆ ಹೂತರು. ಎರಡು ಗಾಳಿಗಾಲ ಕಳೆಯುವಷ್ಟರಲ್ಲಿ ಗುರುತಿಗೆ ಇಟ್ಟ ಕಲ್ಲೂ ಉಸುಕಿನಡಿ ಹೋಯಿತು.

ಕೊನೆಗೆ ಊರೇ ಏಳಬೇಕಾಯಿತು. ಎರಡು ಹರದಾರಿ ಆಚೆ, ಎರೆಭೂಮಿಯಲ್ಲಿ, ಹೊಸ ಊರು ಕಟ್ಟುವುದೆಂದು ಹಿರಿಯರು ತೀರ್ಮಾನಿಸಿದರು. ಆ ಕಡೆ ಒಂದು ಪದ್ಧತಿಯಿತ್ತು. ಮನೆ ಬಿಟ್ಟು ಹೋಗುವವರು ಹೊಸ್ತಿಲ ಪಕ್ಕದ ಗೂಡಿನಲ್ಲಿ ಒಂದು ಗಡಿಗೆ ನೀರು ತುಂಬಿಟ್ಟು ಹೋಗಬೇಕು. ಆ ಮನೆಯಲ್ಲಿ ಸತ್ತವರು ನಮ್ಮ ಹಿಂದೆ ಬರಲಾರರಲ್ಲ, ಅವರಿಗೆ ಬಾಯಾರಬಾರದು. ಹಾಗೆ ಇಟ್ಟ ನೀರನ್ನು, ಇಟ್ಟ ಪಾತ್ರೆಯನ್ನು, ಬೇರೆ ಯಾರೂ ಮುಟ್ಟುವಂತಿಲ್ಲ.

ಎಲ್ಲರೂ ಮಣ್ಣಿನ ಗಡಿಗೆ ಇಟ್ಟರು. ಹೊನ್ನೂರಮ್ಮ ನನ್ನನ್ನಿಟ್ಟಳು.

“ತವರುಮನಿ ಕೊಡ ಬಿಟ್ಟು ಹೋಗ್ತೀಯೇನೇ, ಹುಚ್ಚಿ?” ಎಂದಳು ಮಾಬುನ್ನಿ.

“ಆಕಿಗೆ ಬ್ಯಾರೆದ್ರಾಗ ಕುಡಿದು ರೂಢಿಲ್ಲ.”

ನನ್ನನ್ನು ಕಂಠಪೂರ ತುಂಬಿಸಿ ಗೂಡಿನಲ್ಲಿಟ್ಟು, ಮನೆಯ ಹಿಂಬದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಇದು ಆರೋದ್ರಾಗ ಮತ್ತ ತುಂಬಾಕ ಬರ್ತೀನಿ, ಕೂಸೇ.”

ಬಂಡಿಗಳು ಹೋದವು. ಸದ್ದು ಕರಗಿತು. ಸತ್ತವರ ಜೊತೆ ನಾನು ಉಳಿದೆ.

ಮೊದಲ ತಿಂಗಳು ನೀರು ದಿನಾ ಒಂದಿಷ್ಟು ಇಳಿಯಿತು. ಬಿಸಿಲು ಕುಡಿದಿರಬೇಕು. ಒಂದು ಮಧ್ಯಾಹ್ನ ಮಾತ್ರ ನನ್ನ ಅಂಚು ಒದ್ದೆಯಾಗಿತ್ತು, ಹೊರಗಿನಿಂದ. ಯಾಕೆಂದು ನಾನು ಹೇಳಲಾರೆ.

ನೀರು ಆರಿತು. ಆಷಾಢ ಬಂತು. ಗಾಳಿ ನನ್ನ ಬಾಯಿಯ ಮೇಲೆ ಹಾದು ಹೋಯಿತು, ಮೌನೇಶಪ್ಪ ಊದಿದ ಹಾಗೆ. ನಾನು ‘ಹೂ’ ಎಂದೆ. ದೂರದಲ್ಲಿ ಹೋಗುತ್ತಿದ್ದ ಕುರಿಗಾಹಿಯೊಬ್ಬ ನಿಂತ. ಕಂಬಳಿ ಬಿಟ್ಟು ಓಡಿದ.

ಆ ವರ್ಷ ಜನ ಹೇಳಿದ್ದು, ಬೊಂತನಹಾಳಿನಲ್ಲಿ ಒಬ್ಬ ಮುದುಕ ನರಳುತ್ತಾನೆ ಎಂದು. ಗಾಳಿ ವರ್ಷವರ್ಷವೂ ಹಿಡಿ ಹಿಡಿ ಉಸುಕು ತಂದು ನನ್ನ ಹೊಟ್ಟೆಗೆ ಹಾಕಿತು. ಹೊಟ್ಟೆಯಲ್ಲಿ ಜಾಗ ಕಡಿಮೆಯಾದಂತೆ ನನ್ನ ದನಿ ಸಣ್ಣದಾಯಿತು. ಆಗ ಜನ, ಮುದುಕನಲ್ಲ, ಹೆಂಗಸು ಎಂದರು. ಹತ್ತಿಪ್ಪತ್ತು ವರ್ಷ ಕಳೆದು ಅರ್ಧಕ್ಕಿಂತ ಹೆಚ್ಚು ಉಸುಕು ತುಂಬಿದಾಗ, ಹೆಂಗಸೂ ಅಲ್ಲ, ಕೂಸು ಎಂದರು. ಮಟಮಟ ಮಧ್ಯಾಹ್ನ ನೀರು ಕೇಳಿ ಅಳುವ ಕೂಸು. ಉಳಿದ ಮನೆಗಳ ಮಣ್ಣಿನ ಗಡಿಗೆಗಳು ಒಡೆದು ಮಣ್ಣಾಗಿದ್ದವು. ಕೂಗುತ್ತಿದ್ದವನು ನಾನೊಬ್ಬನೇ. ತಾಯಿ ಪ್ರೀತಿಯಿಂದ ಬಿಟ್ಟುಹೋದ ನಾನೇ ಅವಳ ಮಗಳನ್ನು ದೆವ್ವ ಮಾಡಿದೆ.

ಹೊಸ ಊರಿನಲ್ಲಿ ಆಗ ನಡೆದದ್ದು ನನಗೆ ಆಮೇಲೆ ತಿಳಿಯಿತು. ಮಾಬುನ್ನಿ ನನ್ನೆದುರಿಗೇ ಹತ್ತು ಸಲ ಹೇಳಿದ್ದಾಳೆ. ಮೊದಲ ವರ್ಷ ಹೊನ್ನೂರಮ್ಮನಿಗೆ ಬಾಣಂತನ. ಎರಡನೆಯ ವರ್ಷ ಗಂಡ ಹಾಸಿಗೆ ಹಿಡಿದ. ಆಮೇಲೆ ದೆವ್ವದ ಸುದ್ದಿ ಹಬ್ಬಿ, ಆ ಕಡೆ ಯಾರೂ ಕಾಲಿಡಬಾರದೆಂದು ಊರಿನವರು ಕಟ್ಟು ಮಾಡಿದರು. ಕೂಸು ಅಳುತ್ತದೆ ಎಂಬ ಮಾತು ಬಂದ ದಿನದಿಂದ ಅವಳು ನೀರು ಕುಡಿಯುವಾಗೆಲ್ಲ ಲೋಟ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದಳಂತೆ.

ಒಂದು ವರ್ಷ ಊರಿನಲ್ಲಿ ಇಬ್ಬರು ಬಸುರಿಯರಿಗೆ ಗರ್ಭ ಇಳಿಯಿತು, ಜನ ಅದನ್ನು ಆ ಅಳುವ ಕೂಸಿನ ಮೇಲೆ ಹಾಕಿದರು. ಹಿರಿಯ ಎರ್ರಿಸ್ವಾಮಿ ಚಾವಡಿಯಲ್ಲಿ ಕೂತು, “ಅಮಾಸಿ ದಿನ ಮಂತ್ರದಾತನ್ನ ಕರಸಾಣ. ಎಲ್ಲಿಂದ ಕೂಗ್ತತೋ ಅಲ್ಲೇ ಕಬ್ಬಿಣದ ಮೊಳಿ ಹೊಡದು ಬಿಡಾಣ” ಎಂದ. ಮೊಳೆ ಹೊಡೆದರೆ ಆ ಜೀವ ಮೇಲೆ ಏಳುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಇದ್ದಲ್ಲೇ ಇರುತ್ತದೆ.

ಅಮಾವಾಸ್ಯೆಯ ಹಿಂದಿನ ದಿನ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ಇಬ್ಬರು ಮುದುಕಿಯರು ದಿಬ್ಬ ಇಳಿದು ಬಂದರು. ಒಬ್ಬಳ ಕಂಕುಳಲ್ಲಿ ಪ್ಲಾಸ್ಟಿಕ್ ಕ್ಯಾನಿನ ನೀರು.

“ಹೊನ್ನೂರೀ, ನಿನ್ನ ಮಗಳು ನನ್ನ ಮೈಮ್ಯಾಲ ಬಂದ್ರ ನಮ್ಮ ಮನಿಯಾಗ ಏನು ಹೇಳ್ಲೇ?”

“ನಿನ್ನ ಮೈಮ್ಯಾಲ ಯಾರು ಬರ್ತಾರ ಬಿಡು. ನಿನ್ನ ಬಾಯಿಗೆ ಹೆದರಿ ದೆವ್ವಗಳೇ ಊರು ಬಿಡ್ತಾವು.”

ಆಗಲೇ ಗಾಳಿ ಎದ್ದಿತು. ನಾನು ‘ಹೂ’ ಅಂದೆ.

“ಯಾ ಅಲ್ಲಾ!” ಮಾಬುನ್ನಿ ಅಲ್ಲೇ ಉಸುಕಿನಲ್ಲಿ ಕುಸಿದಳು. “ನಡಿಯೇ, ನಡಿ, ತಿರುಗಿ ನೋಡಬ್ಯಾಡ!”

ಹೊನ್ನೂರಮ್ಮ ತಿರುಗಲಿಲ್ಲ, ಮುಂದಕ್ಕೆ ಬಂದಳು. “ಬಂದೆ, ಬಂದೆ ಕೂಸೇ, ತಡ ಆತು, ಬಂದೆ” ಎನ್ನುತ್ತಲೇ ಬಂದಳು. ಮನೆಯಲ್ಲಿ ಉಳಿದದ್ದು ಒಂದು ಮೋಟು ಗೋಡೆ, ಅದರಲ್ಲಿ ಗೂಡು, ಗೂಡಿನಲ್ಲಿ ಕುತ್ತಿಗೆಯವರೆಗೆ ಉಸುಕಿನಲ್ಲಿ ಹೂತ ನಾನು. ಅವಳು ಕೈಚಾಚಿ ತಡಕಿದಳು. ಅಂಗೈ ನನ್ನ ಬಾಯಿಯ ಮೇಲೆ ಕೂತಿತು. ದನಿ ನಿಂತಿತು.

ಕೈ ಎತ್ತಿದಳು. ದನಿ ಬಂತು. ಮತ್ತೆ ಮುಚ್ಚಿದಳು.

ಹೆಬ್ಬೆರಳು ಮೆಲ್ಲಗೆ ಕೆಳಗೆ ಇಳಿದು, ಉಸುಕು ಕೆದಕಿ, ಚುಕ್ಕಿಗಳನ್ನು ಸವರಿತು.

“ಮಾಬುನ್ನಿ, ಇದು ನನ್ನ ಕೊಡನೇ.”

ವಿಷಯ ಅರ್ಥವಾದ ಮೇಲೆ ಮಾಬುನ್ನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇಪ್ಪತ್ತೆರಡು ವರ್ಷ! ಒಂದು ಕೊಡಕ್ಕ ಹೆದರಿ ಊರ ಗಂಡಸರೆಲ್ಲ ಮೂರು ಮೈಲಿ ಸುತ್ತು ಹಾಕ್ಯಾರ!” ನಗುತ್ತಾ ತಿರುಗಿ ನೋಡಿದರೆ ಹೊನ್ನೂರಮ್ಮ ಗೋಡೆಗೆ ಒರಗಿ ಅಳುತ್ತಿದ್ದಳು.

“ಅಳಾದ್ಯಾಕ? ನಿನ್ನ ಮಗಳು ದೆವ್ವ ಆಗಿಲ್ಲ. ಚಲೋ ಆತಲ್ಲ?”

“ಆಗಿಲ್ಲ” ಎಂದಳು ಹೊನ್ನೂರಮ್ಮ. “ಇಷ್ಟು ವರ್ಷ ಅಳಕೋತಾದ್ರೂ ಅದಾಳ ಅನಕೊಂಡಿದ್ದೆ.”

ಕ್ಯಾನಿನ ಬಿರಡೆ ತೆಗೆದು ನನಗೆ ನೀರು ಹಾಕಲು ಹೋದಳು. ಮಾಬುನ್ನಿ ಕೈ ಹಿಡಿದಳು. “ತುಂಬಿದ್ರ ಇದು ಸುಮ್ಮನಾಗ್ತತಿ. ನಾಳೆ ಯಾರು ನಂಬ್ತಾರ? ಮೊಳಿ ಹೊಡದೇ ಹೊಡೀತಾರ. ಹೊತ್ಕೊಂಡು ಹೋಗಿ ತೋರಸಾಣ, ನಡಿ.”

ಸತ್ತವರಿಗಿಟ್ಟ ಕೊಡ ಎತ್ತಬಾರದು. ಆದರೂ ಎತ್ತಿದಳು.

ಚಾವಡಿಯಲ್ಲಿ, ಎರ್ರಿಸ್ವಾಮಿಯ ಕಿವಿಯ ಪಕ್ಕದಲ್ಲೇ, ಮಾಬುನ್ನಿ ನನ್ನ ಬಾಯಿಗೆ ಊದಿದಳು. ಅವನು ಕಟ್ಟೆಯಿಂದ ಬಿದ್ದ. ಹೆಂಗಸರು ನಕ್ಕರು, ಆಮೇಲೆ ಗಂಡಸರು, ಎಲ್ಲರಿಗಿಂತ ಕೊನೆಗೆ ಅವನು. ಮೊಳೆಯ ಮಾತು ಅಲ್ಲಿಗೆ ಮುಗಿಯಿತು.

ಆ ಸಂಜೆ ಸೊಸೆ ಒಳ್ಳೆಯ ಮನಸ್ಸಿನಿಂದಲೇ ನನ್ನ ಹೊಟ್ಟೆಯ ಉಸುಕನ್ನೆಲ್ಲ ಅಂಗಳಕ್ಕೆ ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ನಾನು ಮದುವೆಯ ದಿನದಂತೆ ಹೊಳೆದೆ. ಮರುದಿನ ಮಧ್ಯಾಹ್ನ ಯಾರೂ ಇಲ್ಲದಾಗ ಹೊನ್ನೂರಮ್ಮ ನನ್ನನ್ನು ಕಿಟಕಿಯಲ್ಲಿ ಗಾಳಿಗೆ ಇಟ್ಟು, ಎದುರಿಗೆ ಕೂತಳು. ನಾನು ‘ಹೂ’ ಅಂದೆ. ದಪ್ಪ ದನಿ, ಹುಟ್ಟಿದ ದಿನದ ದನಿ.

“ಇದು ಆಕಿದಲ್ಲ” ಎಂದಳು.

ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಮಾಬುನ್ನಿಯನ್ನು ಕರೆದುಕೊಂಡು, ನನ್ನನ್ನು ಹೊತ್ತು, ಮತ್ತೆ ಆ ಗೋಡೆಯ ಹತ್ತಿರ ಬಂದಳು. ಗೂಡಿನಲ್ಲಿ ನನ್ನನ್ನಿಟ್ಟು, ಮನೆಯ ಹಿಂದಿನ ಉಸುಕನ್ನು ಬೊಗಸೆಯಲ್ಲಿ ತಂದು ತಂದು ಹಾಕಿದಳು. ಒಂದು ಬೊಗಸೆ ಹಾಕುವುದು, ಕಿವಿಗೊಟ್ಟು ಕೇಳುವುದು. ಮುದುಕನಾದೆ. ಹೆಂಗಸಾದೆ. “ಇನ್ನೊಂದೀಟು” ಎಂದಳು. ಕೊನೆಯ ಬೊಗಸೆಗೆ ನನ್ನೊಳಗಿನಿಂದ ಆ ಸಣ್ಣ ದನಿ ಬಂತು. ಹೊನ್ನೂರಮ್ಮ ಕಣ್ಣು ಮುಚ್ಚಿ ಕೂತಳು. ಮಾಬುನ್ನಿ ಕ್ಯಾನಿನ ಬಿರಡೆ ತೆಗೆದು ಅವಳ ಪಕ್ಕಕ್ಕಿಟ್ಟಳು.

ಸಾಕಾಗುವಷ್ಟು ಕೇಳಿದ ಮೇಲೆ ಹೊನ್ನೂರಮ್ಮ ಕ್ಯಾನು ಎತ್ತಿ ನೀರು ಹಾಕಿದಳು. ಉಸುಕು ತನ್ನ ಪಾಲು ಕುಡಿಯಿತು, ಆಮೇಲೆ ನೀರು ಮೇಲೇರಿತು. ದನಿ ಇನ್ನೂ ಸಣ್ಣದಾಯಿತು, ಎಳೆಯಷ್ಟಾಯಿತು, ಅಂಚಿನವರೆಗೆ ಬರುವಷ್ಟರಲ್ಲಿ ನಿಂತೇ ಹೋಯಿತು.

“ಕುಡಿ” ಎಂದಳು. ಅಷ್ಟೇ.

ವರ್ಷಕ್ಕೊಮ್ಮೆ, ಗಾಳಿ ಏಳುವ ಮೊದಲು, ಅವಳು ಬರುತ್ತಿದ್ದಳು. ಈಗ ನಾಲ್ಕು ವರ್ಷದಿಂದ ಮಾಬುನ್ನಿ ಒಬ್ಬಳೇ ಬರುತ್ತಾಳೆ. ಸುಂಕಿಗೊಂದು ಬೈಗುಳ, ಹೊನ್ನೂರಿಗೊಂದು ಬೈಗುಳ, ನನಗೊಂದು ಕ್ಯಾನು ನೀರು. ಗೋಡೆ ಇನ್ನೆಷ್ಟು ದಿನವೋ, ನಾನೂ ಅಷ್ಟೇ. ಉಸುಕು ಮತ್ತೆ ನನ್ನ ಕುತ್ತಿಗೆಯ ಮಟ್ಟಕ್ಕೆ ಬಂದಿದೆ. ಲೋಹಕ್ಕೆ ಸಾವಿನ ಭಯವಿಲ್ಲ. ಇಷ್ಟು ಜನರನ್ನು ಬರೀ ಹೊಟ್ಟೆಯಿಂದ ಹೆದರಿಸಿದೆನಲ್ಲ ಎಂಬ ನಾಚಿಕೆಯಿದೆ, ಅಷ್ಟೆ.

ನಿನ್ನೆ ಮಾಬುನ್ನಿ ಅಂಚಿನವರೆಗೆ ತುಂಬಿಸಿ ಹೋದಳು. ಇಂದು ಮೋಡ ಮುಚ್ಚಿದೆ, ಬಿಸಿಲೇ ಇಲ್ಲ. ನೀರು ಎರಡು ಗುಟುಕಿನಷ್ಟು ಇಳಿದಿದೆ. ಅಂಚು ಒದ್ದೆಯಾಗಿದೆ, ಹೊರಗಿನಿಂದ.