ಬರುವ ಮುಂಚಿನ ‘ಬಂದೆ’

ಸೊಸೆಯ ತಾಯ್ನುಡಿ ಬೇರೆ. ಮದುವೆಗೆ ಮೊದಲೇ ಹಟ ಹಿಡಿದು ವ್ಯಾಕರಣದ ಪುಸ್ತಕದಿಂದ ಕನ್ನಡ ಕಲಿತಿದ್ದಳು. ಏಕವಚನ, ಬಹುವಚನ, ಭೂತಕಾಲ ಎಲ್ಲ ಬಾಯಿಪಾಠ. ಆದರೂ ಗಂಡನ ಮನೆಗೆ ಬಂದ ದಿನವೇ ಎಡವಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ “ನೀವು ಒಳಗೆ ಬನ್ನಿ” ಅಂದಾಗ, ಜೊತೆಗೆ ಇನ್ಯಾರು ಬಂದರಪ್ಪಾ ಎಂದು ಹಿಂದೆ ತಿರುಗಿ ನೋಡಿದಳು. ಅಲ್ಲಿದ್ದದ್ದು ಅವಳದೇ ಸೂಟ್‌ಕೇಸು.

ಅದು ಗೌರವದ ಬಹುವಚನ ಎಂದು ಗಂಡ ಬಿಡಿಸಿ ಹೇಳಿದ. ಗೌರವವೇನೋ ಸರಿಯೇ. ಆದರೆ ಮನೆಯ ಮುಂಭಾಗದಲ್ಲೇ ಅತ್ತೆಯ ಹೊಲಿಗೆ ಅಂಗಡಿ. ತೋಳು ಉದ್ದವಾಯಿತು ಎಂದು ತಗಾದೆ ತೆಗೆಯುವ ಗಿರಾಕಿಗಳಿಗೂ ಅವರು ಇದೇ “ನೀವು” ಹಂಚುತ್ತಿದ್ದರು. ಮಗನಿಗೆ “ಬಾರೋ”, ಮಗಳಿಗೆ “ಬಾರೇ”. ಹಾಗಾದರೆ ತಾನು ಗಿರಾಕಿಗಳ ಸಾಲಿನವಳೇ ಎಂದು ಸೊಸೆಗೆ ಒಳಗೊಳಗೇ ಸಂಕಟ.

ಕೊರಗು ಅತ್ತೆಗೂ ಇತ್ತು. ಒಂದು ಸಂಜೆ ಮಗನ ಹತ್ತಿರ ಹೇಳಿಕೊಳ್ಳುತ್ತಿದ್ದದ್ದು ಸೊಸೆಯ ಕಿವಿಗೆ ಬಿತ್ತು.

“ಕರೆದ್ರೆ ಓ ಅನ್ನಲ್ಲ ಕಣೋ. ಬೆಕ್ಕಿನ ಹಾಗೆ ಬಂದು ಪಕ್ಕದಲ್ಲಿ ನಿಂತು, ಆಮೇಲೆ ‘ಬಂದೆ’ ಅಂತಾರೆ. ನನ್ನ ಎದೆ ಧಸಕ್ ಅನ್ನುತ್ತೆ. ಅವರಿಗೆ ನಮ್ಮನೆ ಹಿಡಿಸಲಿಲ್ಲ ಅಂತ ಕಾಣುತ್ತೆ.”

ಸೊಸೆಗೆ ಅಳುವೇ ಬಂತು. ‘ಬಂದೆ’ ಭೂತಕಾಲ ತಾನೇ? ಬಾರದೆ ‘ಬಂದೆ’ ಅನ್ನುವುದು ಹೇಗೆ? ಈ ಮನೆಯಲ್ಲೋ, ಬಚ್ಚಲಿನಿಂದ ಗಂಡ, ಮಂಚದ ಮೇಲಿಂದ ನಾದಿನಿ, ಎಲ್ಲರೂ ಇದ್ದಲ್ಲಿಂದಲೇ “ಬಂದೆ” ಎಂದು ಕೂಗುವವರು. ಮನೆಗೆ ಮನೆಯೇ ಸುಳ್ಳು ಹೇಳುತ್ತದೆಂದು ತಿಳಿದು, ಗಂಡನ ಮರ್ಯಾದೆ ಉಳಿಸಲು ಇಷ್ಟು ದಿನ ಸುಮ್ಮನಿದ್ದಳು.

ಆ ರಾತ್ರಿ ಇದನ್ನೆಲ್ಲ ಹೇಳಿಕೊಂಡಾಗ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

“‘ಬಂದೆ’ ಅಂದ್ರೆ ಬಂದಾಯ್ತು ಅಂತಲ್ಲ ಕಣೇ. ಕೇಳಿಸ್ತು, ಬರ್ತೀನಿ ಅಂತ.”

“ಹಾಗಾದ್ರೆ ನಿಜವಾಗ್ಲೂ ಬಂದ್ಮೇಲೆ ಏನನ್ನೋದು?”

“ಬಂದ್ಮೇಲೆ ಅನ್ನೋದೇನಿದೆ? ಕಾಣಿಸ್ತೀಯಲ್ಲ.”

ಮರುದಿನ ಸೊಸೆ ಒಳಕೋಣೆಯಲ್ಲಿ ಕೂತು ಕೋಟಿನ ಗುಂಡಿತೂತಿಗೆ ಕಾಜಾ ಹೊಲಿಯುತ್ತಿದ್ದಳು. ಅಂಗಡಿಯಲ್ಲಿ ಅತ್ತೆ ಸ್ಟೂಲು ಹತ್ತಿ, ಉದ್ದನೆಯ ಪರದೆಯೊಂದರ ಅಳತೆ ನೋಡಲು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಕೆಳಗಿನ ಅಂಚು ಹಿಡಿಯಲು ಇನ್ನೊಬ್ಬರು ಬೇಕಿತ್ತು. ಸ್ವಲ್ಪ ಬರ್ತೀರಾ ಎಂದು ಕರೆದರು. ಕಾಜಾ ಅರ್ಧಕ್ಕೆ ಬಿಟ್ಟರೆ ದಾರ ಸಡಿಲವಾಗುತ್ತದೆ. ಸೊಸೆ ಧೈರ್ಯ ಮಾಡಿ ಕೂತಲ್ಲಿಂದಲೇ ಕೂಗಿದಳು.

“ಬಂದೆ.”

ಇವಳು ಒಂದು ಹೊಲಿಗೆ ಹಾಕಿದಳು, ಇನ್ನೊಂದು ಹಾಕಿದಳು. ಪರದೆ ಭಾರದ್ದು. ಅತ್ತೆಯ ಕೈಯೂ ಸೋತಿತು, ತಾಳ್ಮೆಯೂ ಕೈಕೊಟ್ಟಿತು.

“ಬಂದೆ ಬಂದೆ ಅಂತ ಅಲ್ಲೇ ಬೇರು ಬಿಟ್ಟಿದ್ದೀಯಲ್ಲೇ. ಬಾರೇ ಬೇಗ, ಕೈ ಬಿದ್ದುಹೋಗ್ತಿದೆ.”

ಬಾರೇ! ಅಪ್ಪಟ ಏಕವಚನ, ಗೌರವದ ಸುಳಿವೇ ಇಲ್ಲ. ಸೊಸೆಗೆ ಹಿಗ್ಗೋ ಹಿಗ್ಗು. ಈ ಸಲ ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಬೇಕಾಗಿರಲಿಲ್ಲ.

“ಬಂದೆ ಅತ್ತೆ, ಬಂದೆ” ಎಂದು ಕೂಗಿ, ಸಾವಕಾಶವಾಗಿ ದಾರಕ್ಕೆ ಗಂಟು ಹಾಕತೊಡಗಿದಳು.