ಮೂರನೇ ಸುತ್ತು

ಹಿತ್ತಲ ನಲ್ಲಿಯಡಿ ಕುಕ್ಕರಗಾಲಲ್ಲಿ ಕೂತು ಮಗಳು ಕೈ ಉಜ್ಜುತ್ತಿದ್ದಳು. ಮೊದಲು ಸೀಮೆಎಣ್ಣೆ ಸವರಿದಳು, ಆಮೇಲೆ ಸೋಪಿನ ಪುಡಿ, ಅದಕ್ಕೂ ಬಗ್ಗದಿದ್ದಾಗ ಒಂದು ಹಿಡಿ ಮರದ ಹೊಟ್ಟು. ಅಂಗೈ ಕೆಂಪಾಯಿತೇ ಹೊರತು ಉಗುರಿನ ಸಂದಿಯ ಕಪ್ಪು ಜಪ್ಪಯ್ಯ ಅನ್ನಲಿಲ್ಲ.

"ಆ ಕೈಯಲ್ಲಿ ನಮ್ಮಣ್ಣನ್ನ ಮುಟ್ಟಬೇಡ್ವೇ, ತೊಳ್ಕೊಂಡು ಬಾ" ಎಂದು ಸೋದರತ್ತೆ ತುಂಬಿದ ಮನೆಯಲ್ಲಿ ಹೇಳಿ ಕಳಿಸಿದ್ದಳು.

ಒಳಗೆ ಅಪ್ಪ ಬಿಳಿ ಅಂಗಿ ತೊಟ್ಟು ಮಲಗಿದ್ದ. ಅವನ ಉಗುರು ಮೇಷ್ಟರ ಉಗುರಿನ ಹಾಗೆ ಚೊಕ್ಕವಾಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಬಂದವರೆಲ್ಲ ಆ ಕೈಯನ್ನೇ ನೋಡಿ, "ಎಂಥಾ ಕೈ ಹೋಯ್ತಲ್ಲಪ್ಪ" ಎಂದು ಲೊಚಗುಟ್ಟುತ್ತಿದ್ದರು.

ಅಂಗಳದಲ್ಲಿ ಲೇತ್ ಮಾಮ ಹತ್ತನೇ ಸಲ ಅದೇ ಕತೆ ಹೇಳುತ್ತಿದ್ದ. ಅಪ್ಪನ ಗಾಡಿ ರಿಪೇರಿ ಶೆಡ್ಡಿನ ಪಕ್ಕದ ಶೆಡ್ಡಿನಲ್ಲಿ ಲೇತ್ ಮೆಷಿನ್ನು ಇಟ್ಟುಕೊಂಡವನು, ಅಪ್ಪನ ಮೂವತ್ತು ವರ್ಷದ ಗೆಳೆಯ.

"ಗಣಿ ಧಣಿಯ ಜೀಪಿಗೆ ಹೊಸ ಗೇರು ಕೂರಿಸಿದ್ದ. ಅದನ್ನ ಪಳಗಿಸೋಕೆ ಅಂತ ತಾನೇ ಓಡಿಸ್ಕೊಂಡು ಹೋದ. ಮೂರರಲ್ಲಿ ಎರಡು ಸುತ್ತು ಮುಗಿಸಿದಾನೆ. ಗಾಡಿ ತಣ್ಣಗಾಗ್ಲಿ ಅಂತ ಮರದ ನೆರಳಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸೀಟಿಗೆ ಒರಗಿದಾನೆ. ಅಷ್ಟೇ. ಹೋಗಿ ಬರೋರೆಲ್ಲ ನಿದ್ದೆ ಮಾಡ್ತಿದಾನೆ ಅಂದ್ಕೊಂಡ್ರಂತೆ. ಕೊನೇ ಗಳಿಗೇಲೂ ಕೆಲಸ!"

ಮಗಳು ನಲ್ಲಿ ತಿರುಪಿದಳು. ಹೊಸ ಗೇರು ಕೂರಿಸಿದ್ದನಂತೆ! ಈ ಮನುಷ್ಯನಿಗೆ ಗೊತ್ತಿಲ್ಲದ್ದೇ? ಇಬ್ಬರ ಶೆಡ್ಡಿನ ನಡುವೆ ಇರುವುದು ಒಂದು ತಗಡು.

*

ಒಂಬತ್ತು ವರ್ಷದ ಹಿಂದೆ ಅಪ್ಪನ ಕೈ ನಡುಗತೊಡಗಿತು.

ಗಾಡಿಯ ಹಿಂದಿನ ಆಕ್ಸಲ್ಲಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಡಬ್ಬಿಯಲ್ಲಿ ಎರಡು ಹಲ್ಲುಚಕ್ರಗಳಿರುತ್ತವೆ. ದೊಡ್ಡದು ಕ್ರೌನು, ಚಿಕ್ಕದು ಪಿನಿಯನ್ನು. ಅವು ಸರಿಯಾಗಿ ಕಚ್ಚಿಕೊಳ್ಳಬೇಕಾದರೆ ಪಿನಿಯನ್ನಿನ ಹಿಂದೆ ಕಾಗದದಷ್ಟು ತೆಳ್ಳಗಿನ ಬಳೆಗಳನ್ನು ಅಳೆದು ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಡಿ ಊಳಿಡುತ್ತದೆ. ಅಂದು ಅಪ್ಪನ ಬೆರಳಿಂದ ಆ ಬಳೆ ಮೂರು ಸಲ ಜಾರಿತು. ನಾಲ್ಕನೇ ಸಲ ಜಾರಿದಾಗ ಅವನು ಅದನ್ನು ಹೆಕ್ಕಲಿಲ್ಲ. ಗೋಡೆ ಕಡೆ ಮುಖ ಮಾಡಿ, "ನೀನು ಬಾ" ಎಂದ.

ಚಿಕ್ಕಂದಿನಿಂದ ನೋಡಿ ಕಲಿತವಳು ಅವಳು. ಬಳೆ ಕೂರಿಸಿದಳು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತು ನೋಡಿದಳು, ಬಿಚ್ಚಿದಳು, ಮತ್ತೆ ಕೂರಿಸಿದಳು. ಸಂಜೆಗೆ ಗುರುತು ಹಲ್ಲಿನ ನಟ್ಟನಡುವೆ ಬಿತ್ತು. ಅಪ್ಪ ಬಗ್ಗಿ ನೋಡಿ, "ಹೂಂ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಅಷ್ಟರಲ್ಲಿ ಗಣಿ ಧಣಿ ಬಂದ. "ಆಯ್ತಾ ಯಜಮಾನ್ರೇ?"

"ಆಗದೇ ಏನು? ನನ್ನ ಕೈಕೆಲಸ, ಸುಮ್ನೇನಾ?" ಎಂದ ಅಪ್ಪ, ನಡುಗುವ ಕೈಯನ್ನು ಜೇಬಿಗೆ ತುರುಕಿ. ಆಮೇಲೆ ಅವಳತ್ತ ತಿರುಗಿದ. "ನಿಂತ್ಕೊಂಡೇನ್ ನೋಡ್ತೀಯ? ಹೋಗು, ಧಣಿಗಳಿಗೆ ನೀರು ತಾ."

ಅವಳು ನೀರು ತಂದಳು. ಧಣಿ ಹೋದ ಮೇಲೆ ಲೋಟವನ್ನು ಗೋಡೆಗೆ ಬೀಸಿ ಒಗೆದಳು.

"ನಾನು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾಳೆಯಿಂದ ಒಂದು ಗಾಡೀನೂ ಈ ಕಡೆ ತಲೆ ಹಾಕಲ್ಲ ಮಗಳೇ. ಸ್ವಲ್ಪ ದಿನ ಹೋಗ್ಲಿ."

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕೂರಿಸುವುದು ಅವಳು, ಪಳಗಿಸಲು ಓಡಿಸುವುದು ಅವನು. ಹೊಸ ಹಲ್ಲು ಹೊಂದಿಕೊಳ್ಳಲು ಮೆಲ್ಲಗೆ ಮೂರು ಸುತ್ತು, ಪ್ರತಿ ಸುತ್ತಿನ ಕೊನೆಗೆ ಗಾಡಿ ತಣಿಯಬೇಕು. ಸ್ಟೇರಿಂಗ್ ಬಿಗಿಯಾಗಿ ಹಿಡಿದರೆ ನಡುಕ ನಿಲ್ಲುತ್ತಿತ್ತು. ಊರೆಲ್ಲ ಅವನನ್ನು ನೋಡುತ್ತಿದ್ದದ್ದು ಹಾಗೆಯೇ, ಹೊಸ ಗೇರಿನ ಗಾಡಿಯಲ್ಲಿ, ಎದೆಯುಬ್ಬಿಸಿ, ಮೆಲ್ಲಗೆ.

*

ಶವದ ಪೆಟ್ಟಿಗೆ ಎತ್ತುವ ಹೊತ್ತಿಗೆ ಗಣಿ ಧಣಿ ಬಂದ. ಒಂದು ಹಾರ ಹಾಕಿದ, ಒಂದು ನಿಮಿಷ ತಲೆ ತಗ್ಗಿಸಿದ, ನೇರ ಅವಳ ಬಳಿ ಬಂದ.

"ಜೀಪಿನ ಕೀ ಎಲ್ಲಿದೆಯಮ್ಮ? ಬೇಜಾರು ಮಾಡ್ಕೋಬೇಡಿ. ನಾಳೆ ಬೆಳಗ್ಗೆ ಜನರೇಟರ್ ಎಳ್ಕೊಂಡು ಗುಡ್ಡ ಹತ್ತಬೇಕು."

"ಆಗಲ್ಲ. ಇನ್ನೊಂದು ಸುತ್ತು ಬಾಕಿ ಇದೆ. ಆಮೇಲೂ ಎಂಟುನೂರು ಕಿಲೋಮೀಟರ್ ಖಾಲಿ ಓಡ್ಬೇಕು. ಈಗಲೇ ಭಾರ ಎಳೆದ್ರೆ ಹಲ್ಲು ಕಾದು ಸುಟ್ಟುಹೋಗುತ್ತೆ."

"ನಿಮ್ಮಪ್ಪ ಹೇಳಿದ್ರೆ ಕೇಳ್ತಿದ್ದೆ. ನಿಮಗೇನಮ್ಮ ಗೊತ್ತು?"

"ಆ ಗೇರು ಕೂರಿಸಿದ್ದು ನಾನು."

ಧಣಿ ನಕ್ಕ. ಸಾವಿನ ಮನೆಯೆಂಬುದು ನೆನಪಾಗಿ ನಗು ನುಂಗಿಕೊಂಡ. ಅವಳು ಲೇತ್ ಮಾಮನ ಕಡೆ ತಿರುಗಿದಳು. "ಮಾಮ, ಹೇಳಿ. ನೀವು ನೋಡಿದೀರಲ್ಲ!"

ಲೇತ್ ಮಾಮ ಚಪ್ಪಲಿ ನೋಡಿಕೊಂಡ. "ದೊಡ್ಡೋನು ಹೋದ ದಿನ ಆ ಮಾತೆಲ್ಲ ಯಾಕಮ್ಮ..."

"ಹೆತ್ತಪ್ಪ ಇನ್ನೂ ಅಂಗಳ ದಾಟಿಲ್ಲ, ಆಗಲೇ ಅವನ ಹೆಸರಿಗೆ ಬಾಯಿ ಹಾಕ್ತೀಯಲ್ಲೇ!" ಸೋದರತ್ತೆ ಚೀರಿದಳು.

ಆಗ ಬಾಗಿಲಲ್ಲಿ ಅಮ್ಮ ಕಂಡಳು. ಬೆಳಗಿನಿಂದ ಒಂದು ಹನಿ ಕಣ್ಣೀರಿಲ್ಲ, ಒಂದು ಮಾತಿಲ್ಲ. ಈಗ ಆಡಿದಳು. ಕೂಗಲಿಲ್ಲ, ಆದರೂ ಬೇಲಿಯಾಚೆಗಿನವರಿಗೂ ಕೇಳಿಸಿತು.

"ಒಂಬತ್ತು ವರ್ಷದಿಂದ ಅವರ ಅಂಗಿ ಗುಂಡಿ ಹಾಕಿದ್ದು ನಾನು. ಬೆಳಗ್ಗೆ ಹಾಕಿ, ಸಂಜೆ ಬಿಚ್ಚಿದೀನಿ. ತುತ್ತು ಬಾಯಿಗೆ ಹೋಗೋದ್ರಲ್ಲಿ ಅರ್ಧ ಎದೆ ಮೇಲೆ ಬೀಳ್ತಿತ್ತು. ಆ ಕೈಯಲ್ಲಿ ಗೇರು ಕೂರಿಸಿದ್ರು ಅಂತೀರಾ?"

ಧಣಿಯ ಮುಖ ಕಪ್ಪಿಟ್ಟಿತು.

"ಹಂಗಾದ್ರೆ ನಮ್ಮ ಹಳೇ ಜೀಪು?"

"ನಾನೇ."

"ಟ್ರಕ್ಕು?"

"ಅದೂ ನಾನೇ. ಒಂದಾದ್ರೂ ಊಳಿಟ್ಟಿತಾ? ಒಂದಾದ್ರೂ ದಾರೀಲಿ ನಿಂತಿತಾ?"

ಧಣಿ, "ಇಷ್ಟು ವರ್ಷ ಕಣ್ಣಿಗೆ ಮಣ್ಣೆರಚಿದ್ರಿ" ಎಂದ. "ನಾಳೆ ಡ್ರೈವರ್ ಬರ್ತಾನೆ. ಗಾಡಿ ಕೊಟ್ಟುಬಿಡಿ. ಇನ್ನು ನಿಮ್ಮ ಶೆಡ್ಡಿನ ಸಹವಾಸ ಬೇಡ."

ಅವನು ಹೊರಟ. ಅವನ ಹಿಂದೆಯೇ ಇನ್ನಿಬ್ಬರು ಗಿರಾಕಿಗಳೂ ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಸತ್ತೂ ಗೆದ್ದನಲ್ಲ, ಈ ಮುದುಕ!

ಪೆಟ್ಟಿಗೆ ಎತ್ತಲು ಒಬ್ಬ ಕಡಿಮೆಯಾದ. ಅವಳು ಯಾರನ್ನೂ ಕೇಳದೆ ಮುಂದಿನ ಮೂಲೆಗೆ ಹೆಗಲು ಕೊಟ್ಟಳು. ಸೋದರತ್ತೆ ಅವಳ ಕೈ ನೋಡಿ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

*

ಮಣ್ಣು ಮಾಡಿ ಬಂದವಳು ಮನೆಯೊಳಗೆ ಹೋಗಲಿಲ್ಲ. ಶೆಡ್ಡಿನ ಮುಂದೆ ನಿಂತಿದ್ದ ಧಣಿಯ ಜೀಪಿನ ಬಾಗಿಲು ತೆಗೆದಳು.

"ಈಗೆಲ್ಲಿಗೆ?" ಅಮ್ಮ ಕೇಳಿದಳು.

"ಮೂರನೇ ಸುತ್ತು ಮುಗಿಸ್ಬೇಕು."

"ನಾಳೆ ತಗೊಂಡು ಹೋಗ್ತಾನಲ್ಲ. ಅವನ ಗಾಡಿ ಹಾಳಾದ್ರೆ ನಿನಗೇನು?"

"ಅವನ ಗಾಡಿ ಇರಬಹುದು. ಗೇರು ನಂದು."

ಅಮ್ಮ ಸೆರಗು ಸಿಕ್ಕಿಸಿ ಪಕ್ಕದ ಸೀಟಿಗೆ ಹತ್ತಿದಳು. ಇಷ್ಟು ವರ್ಷದಲ್ಲಿ ಅಪ್ಪ ಒಂದು ಸುತ್ತಿಗೂ ಅವಳನ್ನು ಕರೆದೊಯ್ದಿರಲಿಲ್ಲ.

ಇಪ್ಪತ್ತೈದು ಕಿಲೋಮೀಟರು, ಎಲ್ಲಿಯೂ ಜೋರು ಮಾಡದೆ, ಎಲ್ಲಿಯೂ ಗಕ್ಕನೆ ಬ್ರೇಕ್ ಒತ್ತದೆ. ಹಿಂದಿನವರು ಹಾರ್ನ್ ಬಡಿದರು, ಬೈದು ಮುಂದೆ ಹೋದರು. ಮಗಳ ಹಲ್ಲು ಕಚ್ಚಿಕೊಂಡೇ ಇತ್ತು, ಕಾಲು ಮಾತ್ರ ಹಗುರವಾಗಿತ್ತು. ಅಮ್ಮ ಕಿಟಕಿಯಾಚೆ ನೋಡುತ್ತ ಒಮ್ಮೆ ಮಾತ್ರ ಅಂದಳು.

"ಯಾರಿಗೂ ಹೇಳಬೇಡ ಅಂತ ನಿಮ್ಮಪ್ಪ ನನ್ನ ಹತ್ರಾನೂ ಆಣೆ ಹಾಕಿಸ್ಕೊಂಡಿದ್ರು. ಆಣೆ ಅಂತೆ, ಆಣೆ! ನಾನ್ಯಾಕೆ ಒಪ್ಪಿದೆನೋ."

ಮಗಳು ಸುತ್ತು ಮುಗಿದಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿ, ಚಪ್ಪಲಿ ಬಿಟ್ಟು, ಸೀಲಿನಿಂದ ಎಣ್ಣೆ ಒಸರುತ್ತಿದೆಯೇ ನೋಡಲು ಜೀಪಿನಡಿ ನುಸುಳಿದಳು.

ಲಾರಿಯೊಂದು ನಿಧಾನಿಸಿತು. ಡ್ರೈವರು ತಲೆ ಹೊರಹಾಕಿದ.

"ಗಾಡಿ ಕೆಟ್ಟೋಯ್ತೇನಮ್ಮ? ಮುಂದೆ ಮೆಕ್ಯಾನಿಕ್ ಒಬ್ಬ ಇದಾನೆ, ಕಳಿಸ್ಲಾ?"

"ಬೇಡ" ಎಂದಳು ಅಮ್ಮ, ಸಿಟ್ಟಿನಿಂದಲೇ. "ನಮ್ಮ ಮೆಕ್ಯಾನಿಕ್ ಕೆಳಗಿದಾಳೆ."

ಡ್ರೈವರು ಬಗ್ಗಿ ನೋಡಿದ. ಹಿಂದಿನ ಚಕ್ರದ ಪಕ್ಕ, ಜಲ್ಲಿಯ ಮೇಲೆ, ಸ್ಮಶಾನದ ಕೆಂಪು ಮಣ್ಣು ಇನ್ನೂ ಮೆತ್ತಿಕೊಂಡಿದ್ದ ಎರಡು ಬರಿಗಾಲುಗಳಷ್ಟೇ ಹೊರಗಿದ್ದವು.