ಮೀನಿನ ವಾಸನೆ

ಹೊಸದುರ್ಗದ ಚಂದ್ರಕ್ಕನ ಮನೆಯಲ್ಲಿ ತಲೆತಲಾಂತರದಿಂದ ಮೀನು ಬೆಂದಿರಲಿಲ್ಲ. ಆದರೂ ಮೀನಿನ ವಾಸನೆ ಹಿಡಿಯುವುದರಲ್ಲಿ ಅವಳ ಮೂಗಿನಷ್ಟು ಚುರುಕಾದ ಮೂಗು ಊರಲ್ಲೇ ಇರಲಿಲ್ಲ. ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಆ ಮೂಗು ಹಿತ್ತಲ ಕೋಣೆಯ ಬಾಡಿಗೆಯವರ ಕಡೆ ತಿರುಗಿತು.

ಅಲ್ಲಿದ್ದವರು ದುರುಗಣ್ಣ ಮತ್ತು ಅವನ ಹೆಂಡತಿ ಹುಲಿಗೆಮ್ಮ. ಅವನು ಹಿರಿಯೂರು ಬಸ್ಸಿನ ಕಂಡಕ್ಟರು, ಅವಳು ತುಂಬು ಬಸುರಿ. ಅವರ ಜಾತಿ ಕೇಳಿದ ಮೇಲೂ ಕೋಣೆ ಕೊಟ್ಟವಳು ಚಂದ್ರಕ್ಕ ಒಬ್ಬಳೇ. ಮೀನು, ಮಾಂಸ ಬೇಯಿಸುವುದಿಲ್ಲವೆಂದು ಮಾತು ಕೊಟ್ಟೇ ಬಂದಿದ್ದರು. ಹುಲಿಗೆಮ್ಮ ಒಂದು ಮೊಟ್ಟೆಯನ್ನೂ ಒಳಗೆ ತಂದಿರಲಿಲ್ಲ.

ವಾಸನೆ ಏಳುತ್ತಿದ್ದುದು ಸಂಜೆ, ದುರುಗಣ್ಣ ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ. ಚಂದ್ರಕ್ಕ ತನ್ನ ಹೊಸ ಕರೆಂಟ್ ಒಲೆ ಹಚ್ಚುತ್ತಿದ್ದುದೂ ಆಗಲೇ. ಒಲೆ ಕಾದಂತೆ ಬಲ್ಬು ಮಂಕಾಗುತ್ತಿತ್ತು, ನಡುಮನೆಯ ಮೇನ್ ಸ್ವಿಚ್ಚು ಗುಂಯ್ ಎನ್ನುತ್ತಿತ್ತು. ಆ ಸ್ವಿಚ್ಚಿನ ಗೋಡೆಯ ಆಚೆ ಬದಿಯೇ ಹುಲಿಗೆಮ್ಮನ ಕೋಣೆ. ವಾಸನೆ ಎಲ್ಲಿಯದೆಂದು ಅವಳೂ ಮೂಲೆ ಮೂಲೆ ಹುಡುಕಿದ್ದಳು.

"ಗೋಡೆ ಸುಡ್ತಾ ಐತಕ್ಕ, ಮುಟ್ಟಿ ನೋಡ್ರಿ," ಎಂದಳು.

"ಬ್ಯಾಸಿಗೇಲಿ ಗೋಡೆ ತಣ್ಣಗಿರ್ತಾವೇನೆ? ಮಾತು ಮರೆಸ್‌ಬ್ಯಾಡ. ಮಾರಿಕಣಿವೆ ಡ್ಯಾಮಿನ ಮೀನು ಗಂಡ ತರ್ತಾನೆ, ನೀನು ಬೇಯಿಸ್ತೀಯ. ಬಸುರಿ ಬಯಕೆ, ನಂಗೂ ಗೊತ್ತೈತೆ. ತಪ್ಪಾತು ಅಂದ್ರೆ ಬಾಣಂತನ ಮುಗಿಯೋಗಂಟ ಇರ್ರಿ. ಇಲ್ಲಾಂದ್ರೆ ಖಾಲಿ ಮಾಡ್ರಿ."

ಇದನ್ನು ಕರುಣೆ ಎನ್ನಬೇಕಂತೆ!

ಹುಲಿಗೆಮ್ಮ ದೇವರ ಮೇಲೆ ಆಣೆ ಇಟ್ಟಳು. ದುರುಗಣ್ಣ ಅವಳನ್ನು ಒಳಗೆ ಕರೆದು ಕೈ ಹಿಡಿದುಕೊಂಡ. "ಒಪ್ಕಂಡ್‌ಬಿಡೆ. ಒಂದು ಮಾತಲ್ವಾ?"

"ಮಾಡ್ದೇ ಇರೋದನ್ನ?"

"ಹಂಗಾದ್ರೆ ಬೀದೀಲಿ ಹೆರ್ತೀಯಾ?"

ಅವಳು ಹೊರಗೆ ಬಂದು, ಬಗ್ಗಲಾರದ ಹೊಟ್ಟೆ ಹೊತ್ತು ಬಗ್ಗಿ, ಚಂದ್ರಕ್ಕನ ಕಾಲು ಮುಟ್ಟಿ ತಪ್ಪಾಯಿತೆಂದಳು. ಚಂದ್ರಕ್ಕನ ಎದೆ ಉಬ್ಬಿತು. ಕೋಣೆಗೆಲ್ಲ ಗಂಜಲ ಚಿಮುಕಿಸಿ, ಬುದ್ಧಿ ಹೇಳಿ ಕ್ಷಮಿಸಿದಳು. ಮರುಸಂಜೆ ಒಲೆ ಹಚ್ಚಿದಳು. ವಾಸನೆ ಮತ್ತೆ ಎದ್ದಿತು.

ಈ ಸಲ ಮಾತೇ ಇರಲಿಲ್ಲ. ಪಾತ್ರೆ, ಚಾಪೆ ಅಂಗಳಕ್ಕೆ ಬಿದ್ದವು. ಕ್ಷಮಿಸಿದ ಮೇಲೂ ಕದ್ದು ತಿಂದವಳು ಎಂಬ ಮಾತು ಬೀದಿಯೆಲ್ಲ ಹಬ್ಬಿತು. ಬಸ್ ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ, ಬೆಂಕಿಯಂಥ ಬಿಸಿಲಲ್ಲಿ ಅವಳಿಗೆ ಹೆರಿಗೆಯಾಯಿತು. ನೀರು ಕಾಯಿಸಿಕೊಡಲು ಕೂಡ ಆ ಬೀದಿಯಿಂದ ಒಬ್ಬಳೂ ಬರಲಿಲ್ಲ. ಆ ಜನದ ಮೇಲೆ ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಕೋಣೆ ಖಾಲಿಯಾದರೂ ವಾಸನೆ ಹೋಗಲಿಲ್ಲ. ಗೋಡೆಗೆ ಹಿಡಿದುಬಿಟ್ಟಿದೆ ಎಂದುಕೊಂಡು ಚಂದ್ರಕ್ಕ ಸುಣ್ಣ ಬಳಿಸಿದಳು. ಒಂದು ಸಂಜೆ ಮೇನ್ ಸ್ವಿಚ್ಚು ಢಬ್ಬೆಂದು ಹೊಗೆ ಕಾರಿತು. ವೈರ್‌ಮನ್ ಬಂದು ಮುಚ್ಚಳ ತೆಗೆದಾಗ ಮನೆಯ ತುಂಬ ಅದೇ ವಾಸನೆ.

"ವೈರು ಸಡಿಲಾಗಿ ಒಳಗೇ ಬೆಂದೈತೆ. ಈ ಬೇಕಲೈಟ್ ಪ್ಲಾಸ್ಟಿಕ್ಕು ಸುಟ್ರೆ ಹಿಂಗೇ, ಮೀನು ನಾತ," ಎಂದ ಅವನು.

ಚಂದ್ರಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ, "ಅದಿರ್ಲಿ, ಅವಳೇ ಒಪ್ಕಂಡಿದ್ಲಲ್ಲ!" ಎಂದಳು.

ಸುದ್ದಿ ಬಸ್ ಸ್ಟ್ಯಾಂಡಿಗೂ ಬಂತು. ದುರುಗಣ್ಣ ಶೆಡ್ಡಿಗೆ ಓಡಿಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ಮಗುವಿಗೆ ಹಾಲೂಡಿಸುತ್ತಿದ್ದ ಹುಲಿಗೆಮ್ಮ ಅವನ ಮುಖವನ್ನೇ ನೋಡಿದಳು. ಅಷ್ಟು ದಿನದಿಂದ ಅವಳಿಗೆ ಬೇಕಾಗಿದ್ದುದು ಅವನ ಬಾಯಿಂದ ಒಂದೇ ಒಂದು ಮಾತು, ನೀನು ಬೇಯಿಸಿಲ್ಲ ಎಂದು.

ದುರುಗಣ್ಣ ಅವಳ ಹತ್ತಿರ ಕುಕ್ಕರಿಸಿದ. "ಅಲ್ಲ ಕಣೆ, ನನ್ ಹತ್ರನಾದ್ರೂ ನಿಜ ಹೇಳು. ಒಂದ್ಸಲನಾದ್ರೂ ಬೇಯಿಸಿದ್ಯಾ? ಏನೂ ಇಲ್ದೆ ಯಾರಾದ್ರೂ ಒಪ್ಕಂತಾರಾ?"

ಆಮೇಲೆ ಯಾರು ಏನೆಂದರೂ ಹುಲಿಗೆಮ್ಮ ಅಲ್ಲ ಎನ್ನಲಿಲ್ಲ.